ಲಾಳ ಮೊದಲು, ಕೋಡಿನ ಬಣ್ಣ ಆಮೇಲೆ



ಈ ಪುಟದಲ್ಲಿ ಸಾಮಾನ್ಯವಾಗಿ ಕೊಳೆರೋಗ, ಕಾಂಡಕೊರಕ, ಗೊಬ್ಬರದ ಸರಬರಾಜು, ಧಾರಣೆಯ ಏರಿಳಿತ ಇವುಗಳ ವಿಚಾರವನ್ನೇ ಬರೆಯುತ್ತ ಬಂದಿದ್ದೇವೆ. ಈ ಸಲ ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ನಮ್ಮ ಮನೆಯಂಗಳದಲ್ಲಿ ನಿಂತಿರುವ ಸಣ್ಣ ಕಾರು, ಮತ್ತು ಅದನ್ನು ಮನೆಯಲ್ಲೇ ಬಿಚ್ಚಿ, ತಿದ್ದಿ, ಸಿಂಗರಿಸಿ ತಮ್ಮ ಮನಸ್ಸಿಗೆ ಒಪ್ಪುವಂತೆ ಮಾಡಿಕೊಳ್ಳುವ ನಮ್ಮ ಹುಡುಗರ ಹವ್ಯಾಸ, ಇದೇ ಆ ವಿಷಯ.

ಸಂಘದ ಪತ್ರಿಕೆಗೂ ಕಾರಿನ ಶೃಂಗಾರಕ್ಕೂ ಏನು ಸಂಬಂಧವೆಂದು ಕೆಲವರಾದರೂ ಕೇಳುತ್ತಾರೆ. ಸಂಬಂಧವಿದೆ. ಸಣ್ಣ ಬೆಳೆಗಾರನ ಕಾರು ಬರಿಯ ಸವಾರಿಯ ವಸ್ತುವಲ್ಲ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡುವುದು ಅದೇ, ಮಧ್ಯಾಹ್ನ ಎರಡು ಮೂಟೆ ಗೊಬ್ಬರ ತರುವುದು ಅದೇ, ಔಷಧಿ ಹೊಡೆಯುವ ಪಂಪನ್ನು ರಿಪೇರಿಗೆ ಒಯ್ಯುವುದು ಅದೇ. ಸುರಿಯುವ ಮಳೆಯಲ್ಲಿ ನಡುರಾತ್ರಿ ಹೆರಿಗೆ ನೋವಿನ ಹೆಣ್ಣುಮಗಳನ್ನು ಘಾಟಿ ಇಳಿಸಿ ಆಸ್ಪತ್ರೆ ಮುಟ್ಟಿಸುವುದೂ ಅದೇ. ಅಂಥ ಗಾಡಿಯ ಬ್ರೇಕು, ಟಯರು, ದೀಪ ಹೇಗಿವೆ ಎಂಬುದು ಒಬ್ಬರ ಮನೆಯ ಪ್ರಶ್ನೆಯಲ್ಲ, ಇಡೀ ಊರಿನ ಪ್ರಶ್ನೆ.

ಜೀಪಿನ ಕಾಲದಿಂದ ಇಲ್ಲಿಯವರೆಗೆ

ಹಿಂದೆ ನಮ್ಮ ಮಲೆನಾಡಿನಲ್ಲಿ ಮೋಟಾರು ಗಾಡಿ ಎಂದರೆ ದೊಡ್ಡ ಎಸ್ಟೇಟಿನವರ ಜೀಪು, ಇಲ್ಲವೆ ಪೇಟೆಯ ಟ್ಯಾಕ್ಸಿ ಅಂಬಾಸಡರು. ಮನೆಯಲ್ಲಿ ಗಾಡಿಯ ಕೆಲಸ ಮಾಡಿಕೊಳ್ಳುವುದು ಆಗ ಹವ್ಯಾಸವಾಗಿರಲಿಲ್ಲ, ಅನಿವಾರ್ಯವಾಗಿತ್ತು. ಪಾಯಿಂಟು ಉಜ್ಜುವುದು, ಪ್ಲಗ್ಗಿನ ಮಸಿ ಕೆರೆಯುವುದು, ಕಾರ್ಬುರೇಟರಿನ ಜೆಟ್ಟಿಗೆ ಬಾಯಿಂದ ಊದುವುದು ಬಾರದವನು ಮಳೆಗಾಲದಲ್ಲಿ ದಾರಿಯಲ್ಲೇ ರಾತ್ರಿ ಕಳೆಯಬೇಕಾಗುತ್ತಿತ್ತು. ಬೆಂಗಳೂರಿನ ಮೈಕೋ ಕಾರ್ಖಾನೆಯ ಪ್ಲಗ್ಗು ಒಂದೆರಡು ಯಾವಾಗಲೂ ಡ್ರೈವರನ ಜೇಬಿನಲ್ಲಿರುತ್ತಿತ್ತು. ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡಿತು. ಆದರೂ ನಮ್ಮ ಹಳೆಯ ಮೆಕ್ಯಾನಿಕ್ಕುಗಳ ಬಾಯಲ್ಲಿ "ಮೈಕೋ ಪ್ಲಗ್ಗು" ಇನ್ನೂ ಉಳಿದಿದೆ.

1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲ ಮಾರುತಿ 800 ಕಾರಿನ ಬೀಗದ ಕೈಯನ್ನು ಅದನ್ನು ಕೊಂಡವರಿಗೆ ಒಪ್ಪಿಸಿದರು. 796 ಸಿ.ಸಿ.ಯ, ಮೂರು ಸಿಲಿಂಡರಿನ, ಮುಂದಿನ ಚಕ್ರಗಳೇ ಎಳೆದುಕೊಂಡು ಹೋಗುವ ಆ ಪುಟ್ಟ ಗಾಡಿ ಘಾಟಿಯನ್ನು ಹತ್ತೀತೇ ಎಂದು ನಮ್ಮ ಹಿರಿಯರು ನಕ್ಕದ್ದು ನೆನಪಿದೆ. ಹತ್ತಿತು. ಬರಬರುತ್ತ ಐದಾರು ಎಕರೆಯ ಬೆಳೆಗಾರನ ಅಂಗಳಕ್ಕೂ ಬಂದಿತು. 2000ದಲ್ಲಿ ಅದರ ತಮ್ಮನಂತೆ ಆಲ್ಟೊ ಬಂದಿತು. 2014ರ ಜನವರಿಯಲ್ಲಿ ಮಾರುತಿ 800ರ ತಯಾರಿಕೆಯೇ ನಿಂತಿತು. ಆದರೆ ನಮ್ಮ ರಸ್ತೆಗಳಲ್ಲಿ ಅದು ಇನ್ನೂ ಓಡುತ್ತಿದೆ. ತಂದೆ ಕೊಂಡ ಗಾಡಿ ಮಗನ ಕೈಗೆ ಬಂದಿದೆ, ಇಲ್ಲವೆ ಸೆಕೆಂಡ್ ಹ್ಯಾಂಡಿನಲ್ಲಿ ಕೈ ಬದಲಾಯಿಸಿ ಮತ್ತೊಬ್ಬ ಯುವಕನ ಮೊದಲ ಗಾಡಿಯಾಗಿದೆ.

ಹೀಗೆ ಕೈಗೆ ಬಂದ ಗಾಡಿಯನ್ನು ಹುಡುಗರು ಹಾಗೆಯೇ ಇಡುವುದಿಲ್ಲ. ದಪ್ಪ ಚಕ್ರ, ಮಿಶ್ರಲೋಹದ ರಿಮ್ಮು, ಸ್ಪ್ರಿಂಗು ಕತ್ತರಿಸಿ ತಗ್ಗಿಸಿದ ಮೈ, ಗುಡುಗುವ ಸೈಲೆನ್ಸರು, ಕಪ್ಪು ಗಾಜು, ಕಣ್ಣು ಕುಕ್ಕುವ ಬಿಳಿ ದೀಪ, ಡಿಕ್ಕಿ ತುಂಬ ಸ್ಪೀಕರು. ಅಡಿಕೆ ತೂಕದ ದಿನ ಸಂಘದ ಅಂಗಳದಲ್ಲಿ ನಿಂತು ನೋಡಿದರೆ ಇವೆಲ್ಲದರ ಪ್ರದರ್ಶನವೇ ನಡೆದಂತಿರುತ್ತದೆ.

ನಮ್ಮ ಅಭಿಪ್ರಾಯವನ್ನು ಆರಂಭದಲ್ಲೇ ಸ್ಪಷ್ಟಪಡಿಸುತ್ತೇವೆ. ಗಾಡಿಯನ್ನು ತನ್ನದಾಗಿಸಿಕೊಳ್ಳುವ ಆಸೆಯನ್ನು ನಾವು ಹಳಿಯುವುದಿಲ್ಲ. ಸ್ಪಾನರು ಹಿಡಿಯಬಲ್ಲ ಹುಡುಗ ತೋಟಕ್ಕೂ ಆಗುವ ಹುಡುಗ. ಇಂದು ಕಾರು ಬಿಚ್ಚಿದವನು ನಾಳೆ ಪಲ್ಪರನ್ನೂ ಪಂಪ್‌ಸೆಟ್ಟನ್ನೂ ಬಿಚ್ಚಬಲ್ಲ. ನಮ್ಮ ತಕರಾರು ಕೆಲಸದ ಕ್ರಮದ ಮೇಲೆ ಮಾತ್ರ. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂಬ ವಿವೇಕ ನಮ್ಮಲ್ಲಿ ಕಡಿಮೆಯಾಗುತ್ತಿದೆ. ಇದನ್ನು ನಾವು ನೋಡಿದ ಎರಡು ಗಾಡಿಗಳ ಉದಾಹರಣೆಯಿಂದಲೇ ಹೇಳುತ್ತೇವೆ. ಒಂದು ಬಯಲುಸೀಮೆಯದು, ಇನ್ನೊಂದು ನಮ್ಮ ಸೀಮೆಯದೇ.

ರಾಜೂರಿನ ಗಾಡಿ

ಕಳೆದ ವರ್ಷ ಕಾರ ಹುಣ್ಣಿಮೆಯ ಹೊತ್ತಿಗೆ ಬೀಗರ ಮನೆಗೆಂದು ಗದಗ ಜಿಲ್ಲೆಯ ಗಜೇಂದ್ರಗಡ ತಾಲೂಕಿನ ರಾಜೂರಿಗೆ ಹೋಗಿದ್ದೆವು. ಶಿವಮೊಗ್ಗ, ಹರಿಹರ, ಹುಬ್ಬಳ್ಳಿ, ಗದಗ ದಾಟಿ ರೋಣದ ಕಡೆ ತಿರುಗಿದರೆ ನಮ್ಮ ಕಣ್ಣಿಗೆ ಬೇರೆ ದೇಶವೇ. ನೆರಳಿಲ್ಲ, ಏರಿಲ್ಲ, ಎರೆಹೊಲಗಳ ನಡುವೆ ನೇರ ರಸ್ತೆ, ದೂರದ ಗಜೇಂದ್ರಗಡದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳು. ಕಾರ ಹುಣ್ಣಿಮೆ ಆ ಕಡೆ ಎತ್ತುಗಳ ಹಬ್ಬ. ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ, ಸಂಜೆ ಎತ್ತುಗಳನ್ನು ಓಡಿಸಿ ಕರಿ ಹರಿಯುವುದು ಅವರ ಪದ್ಧತಿ.

ಬೀಗರ ಅಣ್ಣನ ಮಗನದೊಂದು ಹಳೆಯ ಮಾರುತಿ 800 ಬೇವಿನ ಮರದ ಕೆಳಗೆ ನಿಂತಿತ್ತು. 15 ವರ್ಷ ದಾಟಿ, ಪರೀಕ್ಷೆಗೆ ಒಳಗಾಗಿ, ನೋಂದಣಿ ನವೀಕರಿಸಿಕೊಂಡ ಗಾಡಿ. ಹೊರಗಿನ ಬಣ್ಣ ಮಾಸಿದೆ, ಒಂದು ಬಾಗಿಲಿಗೆ ಪೆಟ್ಟಾಗಿದೆ. ಒಳಗೆ ಸೀಟುಗಳ ಮೇಲೆ ಅವನ ತಾಯಿ ಹಳೆಯ ಇಳಕಲ್ ಸೀರೆಗಳ ತುಂಡಿನಿಂದ ಹೊಲಿದ ಕೌದಿಯ ಹೊದಿಕೆ. ಅಷ್ಟೇ ಶೃಂಗಾರ. ಆದರೆ ಬಾನೆಟ್ಟು ಎತ್ತಿದರೆ ದೇವರ ಮನೆಯಂತೆ ಚೊಕ್ಕಟ. ಹೊಸ ಹೋಸುಗಳು, ತೊಳೆದ ರೇಡಿಯೇಟರು, ಉಪ್ಪು ಕಟ್ಟದ ಬ್ಯಾಟರಿಯ ತುದಿಗಳು. ಡ್ಯಾಷ್ ಬೋರ್ಡಿನಲ್ಲೊಂದು ನೋಟು ಪುಸ್ತಕ: ಯಾವ ತಾರೀಖಿನಲ್ಲಿ ಎಷ್ಟು ಕಿಲೋಮೀಟರಿಗೆ ಏನು ಬದಲಾಯಿಸಿದೆ, ಎಷ್ಟು ಪೆಟ್ರೋಲು ಹಾಕಿದೆ, ಎಷ್ಟು ಓಡಿತು ಎಂಬುದರ ಲೆಕ್ಕ.

"ಏನಪ್ಪ, ಇಷ್ಟೆಲ್ಲ ಮಾಡಿದೀಯ, ಒಂದು ಕೈ ಬಣ್ಣ ಹೊಡೆಸಬಾರದಾಗಿತ್ತೆ?" ಎಂದು ಕೇಳಿದೆವು.

"ಬಣ್ಣಕ್ಕೇನ್ರಿ ಕಾಕಾರ, ಯಾವಾಗರ ಬಳೀಬೌದು. ನಾವು ಎತ್ತಿಗೆ ಮೊದ್ಲ ಲಾಳ ಬಡಸ್ತೀವ್ರಿ, ಆಮ್ಯಾಲೆ ಕೋಡಿಗೆ ಬಣ್ಣ. ಕುಂಟ ಎತ್ತಿಗೆ ಬಣ್ಣ ಹಚ್ಚಿ ಕರಿ ಹರ್ಯಾಕ ಬಿಟ್ರ ಊರ ಮಂದಿ ನಗತೈತ್ರಿ" ಎಂದ.

ಈ ಒಂದು ಮಾತಿಗಾಗಿಯೇ ಈ ಲೇಖನ ಬರೆದೆವೆಂದರೂ ತಪ್ಪಿಲ್ಲ.

ಅವನಿಂದ ಇನ್ನೊಂದು ವಿಷಯವೂ ತಿಳಿಯಿತು. ಗೆಳೆಯನೊಬ್ಬ ತನ್ನ ಕಾರನ್ನು ಸ್ಪ್ರಿಂಗು ಕತ್ತರಿಸಿ ತಗ್ಗಿಸಿದ್ದನಂತೆ. ಮೊದಲ ಮಳೆಗೇ ಹೊಲದ ದಾರಿಯ ಗಾಲಿಜಾಡಿನ ನಡುದಿಬ್ಬಕ್ಕೆ ಹೊಟ್ಟೆ ಕೂತು, ಎರೆಮಣ್ಣು ಚಕ್ರಕ್ಕೆ ಮೆತ್ತಿ, ಟ್ರಾಕ್ಟರಿನಿಂದ ಎಳೆಸಬೇಕಾಯಿತಂತೆ. ಆಲ್ಟೊದಂಥ ಗಾಡಿಯ ಹೊಟ್ಟೆಗೂ ನೆಲಕ್ಕೂ ಇರುವ ಅಂತರ ಸುಮಾರು 160 ಮಿಲಿಮೀಟರು, ಅಂದರೆ ಒಂದು ಗೇಣೂ ಇಲ್ಲ. ಅದರಲ್ಲಿ 40 ಮಿಲಿಮೀಟರು ಕತ್ತರಿಸಿದರೆ ಉಳಿಯುವುದು ಅರ್ಧ ಗೇಣು. ಎರೆನೆಲದ ಜಾಡಾಗಲಿ, ನಮ್ಮ ತೋಟದ ರಸ್ತೆಯ ಕಲ್ಲಾಗಲಿ ಅರ್ಧ ಗೇಣಿಗೆ ಬಗ್ಗುವುದಿಲ್ಲ. ಕತ್ತರಿಸಿದ ಸ್ಪ್ರಿಂಗು ತನ್ನ ಕುಳಿಯಲ್ಲಿ ಸರಿಯಾಗಿ ಕೂರುವುದೂ ಇಲ್ಲ. ಗುಂಡಿಗೆ ಇಳಿದಾಗ ಜಾರುವ ಅಪಾಯವಿದೆ.

ಎಂಜಿನ್ನಿನ ಹದ

"ಟ್ಯೂನಿಂಗ್" ಎಂದರೆ ಸದ್ದು ಹೆಚ್ಚಿಸುವುದೆಂಬ ಭಾವನೆ ನಮ್ಮಲ್ಲಿದೆ. ಹಾಗಲ್ಲ. ಎಂಜಿನ್ನಿಗೆ ಬೇಕಾದುದು ಮೂರೇ: ಶುದ್ಧ ಗಾಳಿ, ತಕ್ಕ ಪ್ರಮಾಣದ ಪೆಟ್ರೋಲು, ಸರಿಯಾದ ಹೊತ್ತಿಗೆ ಕಿಡಿ. ಈ ಮೂರನ್ನೂ ತಯಾರಕರು ಹೇಳಿದ ಅಳತೆಗೆ ತರುವುದೇ ಟ್ಯೂನಿಂಗ್.

ಗಾಳಿಯ ವಿಷಯದಲ್ಲಿ ನಮ್ಮವರಿಗೆ ಒಂದು ಸಂಗತಿ ತಿಳಿದಿರಬೇಕು. ಸಮುದ್ರಮಟ್ಟದಿಂದ 1000 ಮೀಟರು ಮೇಲೆ ಗಾಳಿ ಸುಮಾರು ಶೇಕಡ 10ರಷ್ಟು ತೆಳುವಾಗಿರುತ್ತದೆ. ನಮ್ಮ ಎಷ್ಟೋ ಕಾಫಿ ತೋಟಗಳಿರುವುದು ಆ ಎತ್ತರದಲ್ಲೇ. ಕಾರ್ಬುರೇಟರಿನ ಹಳೆಯ ಗಾಡಿಗೆ ಇದು ಗೊತ್ತಾಗುವುದಿಲ್ಲ. ಅದು ಕೆಳಗಿನ ಲೆಕ್ಕದಲ್ಲೇ ಪೆಟ್ರೋಲು ಸುರಿಯುತ್ತದೆ. ಮಿಶ್ರಣ ದಪ್ಪವಾಗಿ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಗಾಡಿ ಏರಿನಲ್ಲಿ ಉಬ್ಬಸಪಡುತ್ತದೆ. ಆಗ "ಎಂಜಿನ್ ಸೋತಿದೆ, ದೊಡ್ಡ ಜೆಟ್ಟು ಹಾಕೋಣ" ಎನ್ನುವುದು ರೋಗಕ್ಕೆ ವಿರುದ್ಧವಾದ ಮದ್ದು. ಇಲ್ಲಿಯ ಎತ್ತರಕ್ಕೆ ಪೆಟ್ರೋಲು ಕಡಿಮೆ ಮಾಡಿ ಹದಗೊಳಿಸಿದ ಗಾಡಿಯನ್ನು ರೋಣದ ಬಯಲಿಗೆ ಒಯ್ದರೆ ಅಲ್ಲಿಯ ದಟ್ಟ ಗಾಳಿಗೆ ಮಿಶ್ರಣ ತೆಳುವಾಗಿ, ಎಂಜಿನ್ ಕಾಯುತ್ತದೆ. ಊರಿಗೆ ತಕ್ಕಂತೆ ಹದ ಎಂಬುದು ಇದೇ. ಈಚಿನ ಗಾಡಿಗಳಲ್ಲಿ ಪೆಟ್ರೋಲನ್ನು ಅಳೆದು ಸಿಂಪಡಿಸುವ ಯಂತ್ರವೇ ಗಾಳಿಯ ಒತ್ತಡವನ್ನು ನೋಡಿ ಲೆಕ್ಕ ಬದಲಿಸಿಕೊಳ್ಳುತ್ತದೆ. ಅಂಥ ಗಾಡಿಯಲ್ಲಿ ನಮ್ಮ ಕೈಗೆ ಉಳಿದ ಕೆಲಸ ಏರ್ ಫಿಲ್ಟರು ಶುಚಿಯಾಗಿಡುವುದು, ಹೊತ್ತಿಗೆ ಸರಿಯಾಗಿ ಪ್ಲಗ್ಗು ಬದಲಾಯಿಸುವುದು, ಒಳ್ಳೆಯ ಆಯಿಲು ಹಾಕುವುದು. ಬೇಸಿಗೆಯಲ್ಲಿ ತೋಟದ ಮಣ್ಣುರಸ್ತೆಯ ದೂಳಿಗೆ ಫಿಲ್ಟರು ಪುಸ್ತಕದಲ್ಲಿ ಬರೆದ ಅವಧಿಗಿಂತ ಬೇಗ ಕಟ್ಟಿಕೊಳ್ಳುತ್ತದೆ. ತಿಂಗಳಿಗೊಮ್ಮೆ ತೆಗೆದು ನೋಡಬೇಕು. ಸಾವಿರಾರು ರೂಪಾಯಿಯ ವಿಶೇಷ ಫಿಲ್ಟರಿಗಿಂತ ಕಟ್ಟಿಕೊಳ್ಳದ ಸಾಧಾರಣ ಫಿಲ್ಟರೇ ಮೇಲು.

ಹಳೆಯ ಗಾಡಿಯವರಿಗೆ ಇನ್ನೊಂದು ಎಚ್ಚರಿಕೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿಗೆ ಶೇಕಡ 20ರವರೆಗೆ ಎಥೆನಾಲು ಬೆರೆಸುತ್ತಾರೆ. ಅದಕ್ಕೆ ತಾಳುವ ರಬ್ಬರು ಮತ್ತು ಬಿಡಿಭಾಗಗಳೊಂದಿಗೆ ಹೊಸ ಗಾಡಿಗಳು ಬರತೊಡಗಿದ್ದು 2023ರ ಏಪ್ರಿಲ್‌ನಿಂದ. ಅದಕ್ಕೆ ಹಿಂದಿನ ಗಾಡಿಗಳಲ್ಲಿ, ಅದರಲ್ಲೂ ಹತ್ತಿಪ್ಪತ್ತು ವರ್ಷದವುಗಳಲ್ಲಿ, ಪೆಟ್ರೋಲಿನ ಹೋಸು, ವಾಷರುಗಳನ್ನು ಆಗಾಗ ಮುಟ್ಟಿ ನೋಡುವುದು ಕ್ಷೇಮ. ಎಥೆನಾಲು ನೀರನ್ನು ಹೀರುವ ವಸ್ತು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಟ್ಯಾಂಕಿನಲ್ಲಿ ಇದು ತೊಂದರೆ ಕೊಡುತ್ತದೆ. ಬಿರುಕು ಬಿಟ್ಟ ಹೋಸು ಬದಲಾಯಿಸಲು ಕೆಲವು ನೂರು ರೂಪಾಯಿ ಸಾಕು. ಬಿಟ್ಟರೆ ಬೆಂಕಿಗೆ ದಾರಿ.

ಚಕ್ರದ ಲೆಕ್ಕ

ಎಲ್ಲರ ಕಣ್ಣೂ ಬೀಳುವುದು ಚಕ್ರದ ಮೇಲೆ. ಆದ್ದರಿಂದ ಇದನ್ನು ಸ್ವಲ್ಪ ವಿವರಿಸುತ್ತೇವೆ. ಟಯರಿನ ಮೇಲೆ 145/80 ಆರ್ 12 ಎಂದು ಬರೆದಿದ್ದರೆ ಅದರ ಅಗಲ 145 ಮಿಲಿಮೀಟರು. ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇಕಡ 80, ಅಂದರೆ 116 ಮಿಲಿಮೀಟರು. ರಿಮ್ಮಿನ ವ್ಯಾಸ 12 ಅಂಗುಲ. ಎಲ್ಲವನ್ನೂ ಕೂಡಿದರೆ ಇಡೀ ಚಕ್ರದ ವ್ಯಾಸ ಸುಮಾರು 537 ಮಿಲಿಮೀಟರು. ಆಲ್ಟೊ ಗಾಡಿಗೆ ಬರುತ್ತಿದ್ದುದು ಈ ಅಳತೆ.

ಇದನ್ನು ತೆಗೆದು 155/80 ಆರ್ 13 ಹಾಕಿದರೆ ವ್ಯಾಸ ಸುಮಾರು 578 ಮಿಲಿಮೀಟರು ಆಗುತ್ತದೆ. ಶೇಕಡ ಏಳೂವರೆಗಿಂತ ಸ್ವಲ್ಪ ಹೆಚ್ಚು. ಗಾಡಿ ಎತ್ತರವಾಗಿ ಕಾಣುತ್ತದೆ, ನಿಜ. ಆದರೆ ಪ್ರತಿ ಗೇರೂ ಅಷ್ಟೇ ಪ್ರಮಾಣದಲ್ಲಿ ಭಾರವಾಗುತ್ತದೆ. ಎರಡನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಒಂದನೇ ಗೇರು ಬೇಕಾಗುತ್ತದೆ. ಇಳಿಯುವಾಗ ಎಂಜಿನ್ನಿನ ಹಿಡಿತ ಸಡಿಲವಾಗಿ, ಹೊರೆಯೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಸ್ಪೀಡೋಮೀಟರು ಹಿಂದಿನ ಲೆಕ್ಕದಲ್ಲಿ 60 ಎಂದು ತೋರಿಸುವಾಗ ಗಾಡಿ 64ಕ್ಕಿಂತ ಹೆಚ್ಚು ವೇಗದಲ್ಲಿರುತ್ತದೆ. ತಿರುವಿನಲ್ಲಿ ಟಯರು ಒಳಗಿನ ತಗಡಿಗೆ ಉಜ್ಜುತ್ತದೆ. ಉಜ್ಜಬಾರದೆಂದು ಹುಡುಗರು ಚಕ್ರದ ಹಿಂದೆ ಸ್ಪೇಸರು ಕೊಟ್ಟು ಹೊರಗೆ ತಳ್ಳುತ್ತಾರೆ. ಆ ಭಾರ ಚಕ್ರದ ಬೇರಿಂಗಿನ ಮೇಲೆ ಬೀಳುತ್ತದೆ. ಒಂದು ತಪ್ಪು ಅಳತೆಯ ಹಿಂದೆ ಇಷ್ಟೆಲ್ಲ ಬರುತ್ತದೆ.

ರಿಮ್ಮು ದೊಡ್ಡದು ಬೇಕೇ ಬೇಕೆಂದಾದರೆ ಲೆಕ್ಕ ಬಲ್ಲವನು ಗೋಡೆಯನ್ನು ತಗ್ಗಿಸುತ್ತಾನೆ. 155/65 ಆರ್ 13ರ ವ್ಯಾಸ ಸುಮಾರು 532 ಮಿಲಿಮೀಟರು; ಮೂಲ ಅಳತೆಗೆ ಶೇಕಡ ಒಂದರಷ್ಟೇ ವ್ಯತ್ಯಾಸ. ಆದರೆ ಗೋಡೆ ತಗ್ಗಿದಷ್ಟೂ ನಮ್ಮ ಹೊಂಡದ ರಸ್ತೆಯ ಪೆಟ್ಟು ರಿಮ್ಮಿಗೆ ತಾಗುತ್ತದೆ. ನಮ್ಮ ಶಿಫಾರಸು ಹಳೆಯದೇ: ಕಂಪನಿ ಹೇಳಿದ ಅಳತೆ, ಒಳ್ಳೆಯ ತಯಾರಿಕೆ, ಆಳವಾದ ಹಲ್ಲು. ಹಲ್ಲು ಸವೆದ ಅಗಲ ಟಯರಿಗಿಂತ ಹಲ್ಲಿರುವ ಸಣ್ಣ ಟಯರು ಮಳೆಯಲ್ಲಿ ಮೇಲು. ಗಾಳಿಯ ಒತ್ತಡವನ್ನು ಹದಿನೈದು ದಿನಕ್ಕೊಮ್ಮೆ, ಟಯರು ತಣ್ಣಗಿರುವಾಗ ನೋಡಬೇಕು.

ಬ್ರೇಕಿನ ಎಣ್ಣೆ ಮತ್ತು ನಮ್ಮ ಮಳೆ

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಡುವಿರಾದರೆ ಇದನ್ನು ನೆನಪಿಡಿ. ಬ್ರೇಕಿನ ಎಣ್ಣೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಎಣ್ಣೆ ಕುದಿಯುವುದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದೇ ಎಣ್ಣೆ ತೇವ ಹೀರಿ ಶೇಕಡ 3.7ರಷ್ಟು ನೀರು ಸೇರಿದಾಗ 140 ಡಿಗ್ರಿಗೇ ಕುದಿಯಬಹುದು. ಘಾಟಿ ಇಳಿಯುವಾಗ ಕಾಲು ಬ್ರೇಕಿನ ಮೇಲೇ ಇದ್ದರೆ ಆ ಕಾವು ಬರುವುದು ಕಷ್ಟವಲ್ಲ. ಎಣ್ಣೆ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆ ಏಳುತ್ತದೆ. ಗುಳ್ಳೆ ಅದುಮಿಕೊಳ್ಳುತ್ತದೆಯೇ ಹೊರತು ಬ್ರೇಕನ್ನು ಒತ್ತುವುದಿಲ್ಲ. ಪೆಡಲು ನೆಲಕ್ಕೆ ಹೋಗುತ್ತದೆ.

ಆಗುಂಬೆ, ಚಾರ್ಮಾಡಿಗಳಂಥ ಮಳೆಯ ಸೀಮೆಯಲ್ಲಿ, ನಾಲ್ಕು ತಿಂಗಳು ಬಟ್ಟೆಯೇ ಒಣಗದ ನಮ್ಮಲ್ಲಿ, ಈ ಎಣ್ಣೆ ಎಷ್ಟು ಬೇಗ ತೇವಗೊಳ್ಳುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಎರಡು ವರ್ಷಕ್ಕೊಮ್ಮೆಯಾದರೂ, ಮಳೆಗಾಲ ಮುಗಿದ ಮೇಲೆ, ಇಡೀ ಎಣ್ಣೆಯನ್ನು ಬದಲಾಯಿಸಿ ಗಾಳಿ ತೆಗೆಸಬೇಕು. ಒಂದು ಜೊತೆ ಸ್ಪೀಕರಿನ ಬೆಲೆಯೂ ಇದಕ್ಕೆ ಆಗುವುದಿಲ್ಲ. ಇಳಿಜಾರಿನಲ್ಲಿ ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಡ್ರೈವರುಗಳ ಮಾತು ಇಂದಿಗೂ ಸತ್ಯ. ಪೆಟ್ರೋಲು ಉಳಿಸಲೆಂದು ನ್ಯೂಟ್ರಲ್ಲಿಗೆ ಹಾಕಿ ಇಳಿಯುವುದು ಅತ್ಯಂತ ಅಪಾಯದ ಉಳಿತಾಯ.

ದೀಪ, ತಂತಿ

ಮಂಜಿನ ಸೀಮೆಯಲ್ಲಿ ಹೆಚ್ಚಿನ ದೀಪ ಬೇಕೆಂಬುದು ನ್ಯಾಯವಾದ ಆಸೆ. ಆದರೆ 60 ವಾಟಿನ ಬಲ್ಬಿನ ಜಾಗಕ್ಕೆ 100 ವಾಟಿನದನ್ನು ಹಾಕುವುದು ಪರಿಹಾರವಲ್ಲ. 12 ವೋಲ್ಟಿನ ಗಾಡಿಯಲ್ಲಿ 60 ವಾಟಿನ ಎರಡು ಬಲ್ಬು ಎಳೆಯುವುದು 10 ಆಂಪಿಯರು. 100 ವಾಟಿನವು ಎರಡು ಎಳೆಯುವುದು 16ಕ್ಕಿಂತ ಹೆಚ್ಚು. ತಂತಿ, ಹೋಲ್ಡರು, ಸ್ವಿಚ್ಚುಗಳೆಲ್ಲ ಮೊದಲಿನ ಲೆಕ್ಕಕ್ಕೆ ಮಾಡಿದವು. ಇಲಿ ಕಡಿದ ತಂತಿಗೆ ಟೇಪು ಸುತ್ತಿ ಓಡಿಸುವ ನಮ್ಮ ಗಾಡಿಗಳಲ್ಲಿ ಇದು ಬೆಂಕಿ ಕಡ್ಡಿಯೊಡನೆ ಆಟ. ಮೊದಲು ಹೆಡ್‌ಲೈಟಿನ ಗಾಜು ತೊಳೆದು, ಒಳಗಿನ ಕನ್ನಡಿ ಮಾಸಿದ್ದರೆ ಬದಲಾಯಿಸಿ, ದೀಪದ ಮುಖವನ್ನು ಗೋಡೆಯ ಮೇಲೆ ನೋಡಿ ಸರಿಪಡಿಸಿರಿ. ಅರ್ಧ ಜನಕ್ಕೆ ಅಷ್ಟೇ ಸಾಕಾಗುತ್ತದೆ. ಮಂಜಿನ ದೀಪ ಬೇಕಾದರೆ ಬಂಪರಿನ ಕೆಳಮಟ್ಟದಲ್ಲಿ, ಪ್ರತ್ಯೇಕ ಫ್ಯೂಸು ಮತ್ತು ರಿಲೇ ಕೊಟ್ಟು ಹಾಕಿಸಿರಿ. ಮಂಜಿನಲ್ಲಿ ದೊಡ್ಡ ಬೆಳಕು ಮಂಜಿಗೇ ಬಡಿದು ನಮ್ಮ ಕಣ್ಣಿಗೆ ಮರಳುತ್ತದೆ. ಎದುರಿನವನ ಕಣ್ಣಿಗಂತೂ ಕುರುಡು.

ನಮ್ಮ ಸೀಮೆಯ ಗಾಡಿ

ಎರಡನೆಯ ಗಾಡಿಯ ಕಥೆಯನ್ನು ಹೆಸರಿಲ್ಲದೆ ಹೇಳುತ್ತೇವೆ. ನಮ್ಮ ಸೀಮೆಯ ಒಬ್ಬ ಬೆಳೆಗಾರರ ಮಗ, ಬುದ್ಧಿವಂತ ಹುಡುಗ. ಸಣ್ಣ ಕಾರಿಗೆ ದೊಡ್ಡ ಚಕ್ರ, ಸ್ಪೇಸರು, ಮುಂದೆ ಕಬ್ಬಿಣದ ಗಾರ್ಡು, ಹಳೆಯ ಸ್ಟಿಯರಿಂಗಿನ ಬದಲು ಚಿಕ್ಕದೊಂದು ಸ್ಟಿಯರಿಂಗು ಹಾಕಿಸಿದ್ದ. ಎರಡು ಕೊಯ್ಲಿನ ಉಳಿತಾಯ ಅದಕ್ಕೇ ಹೋಗಿತ್ತು. ಒಂದು ಮಳೆಯ ಸಂಜೆ ಇಳಿಜಾರಿನ ತಿರುವಿನಲ್ಲಿ ಗಾಡಿ ನಿಲ್ಲದೆ ಧರೆಗೆ ಹೊಡೆಯಿತು. ಜೀವಕ್ಕೆ ಅಪಾಯವಾಗಲಿಲ್ಲ, ಎದೆಯ ಎರಡು ಮೂಳೆ ಮುರಿದು, ಒಂದು ಕೊಯ್ಲಿನ ಕಾಲವೆಲ್ಲ ಮಲಗಿದ. ಸ್ಟಿಯರಿಂಗಿನ ಜೊತೆಗೇ ಗಾಳಿಚೀಲವೂ ಹೋಗಿತ್ತು. ವಿಮೆಯವರು ಬಂದು ನೋಡಿ, ತಮಗೆ ತಿಳಿಸದೆ ಮಾಡಿದ ಬದಲಾವಣೆಗಳ ಪಟ್ಟಿ ಬರೆದುಕೊಂಡು, ಗಾಡಿಯ ಹಾನಿಯ ಪರಿಹಾರವನ್ನು ನಿರಾಕರಿಸಿದರು. ಆಸ್ಪತ್ರೆಯ ಖರ್ಚು, ಗಾಡಿಯ ಸಾಲ, ಕೊಯ್ಲಿನ ನಷ್ಟ ಮೂರೂ ಒಟ್ಟಿಗೆ ಆ ಮನೆಯ ಮೇಲೆ ಬಿದ್ದವು. ಆ ತಂದೆ ಸಂಘಕ್ಕೆ ಬಂದು ಕೂತು, ಸಾಲದ ಅವಧಿ ವಿಸ್ತರಿಸಿರೆಂದು ಕೇಳಿದಾಗ ಅವರ ಮುಖ ನೋಡುವುದು ನಮಗೆ ಕಷ್ಟವಾಯಿತು.

ಕಾನೂನು ಏನು ಹೇಳುತ್ತದೆ ಎಂಬುದನ್ನೂ ತಿಳಿದಿರಬೇಕು. 1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಮೂನೆಗಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೂ ಮಾಲೀಕನಿಗೆ 5000 ರೂಪಾಯಿ ದಂಡ, ಅಥವಾ 6 ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಗಾಜಿನಲ್ಲಿ ಮುಂದೆ ಹಿಂದೆ ಶೇಕಡ 70, ಪಕ್ಕದಲ್ಲಿ ಶೇಕಡ 50 ಬೆಳಕು ಹಾಯಬೇಕು. ಕಪ್ಪು ಫಿಲ್ಮಿನ ವಿರುದ್ಧ 2012ರ ಏಪ್ರಿಲ್‌ನಲ್ಲೇ ಸುಪ್ರೀಂ ಕೋರ್ಟಿನ ತೀರ್ಪು ಬಂದಿದೆ. ಮುಂದಿನ ಕಬ್ಬಿಣದ ಗಾರ್ಡಿನ ವಿರುದ್ಧ ಕ್ರಮ ಕೈಗೊಳ್ಳಲು 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಇಲಾಖೆ ರಾಜ್ಯಗಳಿಗೆ ತಿಳಿಸಿತು. ಗಾರ್ಡು ದಾರಿಹೋಕನ ಕಾಲು ಮುರಿಯುವುದಲ್ಲದೆ, ಡಿಕ್ಕಿಯ ಪೆಟ್ಟು ತಗಡಿಗೆ ಬದಲು ನೇರ ಚಾಸಿಗೆ ತಾಗಿ, ಗಾಳಿಚೀಲ ಬಿಚ್ಚಿಕೊಳ್ಳುವ ಹೊತ್ತನ್ನೂ ಕೆಡಿಸಬಹುದು. ಗಾಡಿಯ ಬಣ್ಣ ಬದಲಾಯಿಸಿದರೆ ಆರ್.ಟಿ.ಓ. ಕಚೇರಿಗೆ ತಿಳಿಸಿ ನೋಂದಣಿ ಪತ್ರದಲ್ಲಿ ನಮೂದಿಸಬೇಕು. ಅಡಿಗೆಯ ಗ್ಯಾಸ್ ಸಿಲಿಂಡರನ್ನು ಕಾರಿಗೆ ಜೋಡಿಸುವ ದುಸ್ಸಾಹಸವನ್ನಂತೂ ಯಾರೂ ಮಾಡಬಾರದು.

ಹುಡುಗರ ವಾದ

ಇದಕ್ಕೆ ಹುಡುಗರದೂ ಒಂದು ವಾದವಿದೆ. ಅದನ್ನು ಕೇಳದೆ ತೀರ್ಪು ಕೊಡುವುದು ಸರಿಯಲ್ಲ. "ಕಂಪನಿಯವರು ಗಾಡಿ ಮಾಡುವುದು ಪಟ್ಟಣದ ರಸ್ತೆಗೆ. ನಮ್ಮ ರಸ್ತೆ ಬೇರೆ, ಆದ್ದರಿಂದ ನಾವು ಬದಲಾಯಿಸಿಕೊಳ್ಳುತ್ತೇವೆ. ನಮ್ಮ ಚಿಕ್ಕಮಗಳೂರಿನಲ್ಲೇ ರ‍್ಯಾಲಿ ನಡೆಯುವುದಿಲ್ಲವೆ?" ಎನ್ನುತ್ತಾರೆ. ಮೊದಲ ಮಾತು ನಿಜ. ಎಂಜಿನ್ನಿನ ಅಡಿಗೆ ಕಲ್ಲು ತಾಗದಂತೆ ಕಂಪನಿಯೇ ಕೊಡುವ ರಕ್ಷಣಾ ತಗಡು, ಮಡ್ ಫ್ಲಾಪು, ಅಡಿಮೈಗೆ ತುಕ್ಕು ನಿರೋಧಕ ಲೇಪ, ಒಳ್ಳೆಯ ವೈಪರು, ಹೊಸ ಶಾಕ್ ಅಬ್ಸಾರ್ಬರು, ಸೊಂಟಕ್ಕೆ ಹಿತವಾದ ಸೀಟು, ಮ್ಯಾಟು, ಮಿತವಾದ ಸಂಗೀತ ಇವೆಲ್ಲ ನಮ್ಮ ರಸ್ತೆಗೆ ತಕ್ಕ ಬದಲಾವಣೆಗಳೇ. ಸೀಟಿನ ಬದಿಯಲ್ಲಿ ಗಾಳಿಚೀಲವಿದ್ದರೆ ಅದನ್ನು ಮುಚ್ಚದ ಹೊದಿಕೆ ಆರಿಸಿದರೆ ಸರಿ. ಇವುಗಳಲ್ಲಿ ಮಾಡಿಕೊಳ್ಳುವುದಕ್ಕೆ ಬೇಕಾದಷ್ಟು ಕೆಲಸವಿದೆ.

ರ‍್ಯಾಲಿಯ ಮಾತು ಮಾತ್ರ ಅರ್ಧ ಸತ್ಯ. ಏಷ್ಯಾ ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು 2016ರಲ್ಲಿ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುರಸ್ತೆಯಲ್ಲಿ ನಡೆದು, ಆ ವರ್ಷದ ಪ್ರಶಸ್ತಿ ನಮ್ಮ ದೇಶದ ಗೌರವ್ ಗಿಲ್ ಅವರಿಗೆ ಸಂದಿದ್ದು ನಮಗೆಲ್ಲ ಹೆಮ್ಮೆ. ಆದರೆ ಆ ಗಾಡಿಯ ಒಳಗನ್ನು ನೋಡಬೇಕು. ಮಗುಚಿದರೂ ಜಜ್ಜದಂತೆ ಉಕ್ಕಿನ ಪಂಜರ, ಹೆಗಲು ಸೊಂಟಗಳನ್ನು ಬಿಗಿಯುವ ಪಟ್ಟಿ, ಬೆಂಕಿ ನಂದಿಸುವ ಉಪಕರಣ, ತಲೆಗೆ ಹೆಲ್ಮೆಟ್ಟು. ಓಡುವುದು ಸಂಚಾರ ನಿಲ್ಲಿಸಿದ ರಸ್ತೆಯಲ್ಲಿ, ಪರವಾನಗಿ ಪಡೆದು. ನಮ್ಮ ಹುಡುಗರು ನಕಲು ಮಾಡುವುದು ಸ್ಟಿಕ್ಕರನ್ನೂ ಸೈಲೆನ್ಸರನ್ನೂ. ಪಂಜರವನ್ನೂ ಪಟ್ಟಿಯನ್ನೂ ಅಲ್ಲ. ವೇಗದ ಆಸೆಯಿದ್ದವರು ಕ್ಲಬ್ಬುಗಳ ಮೂಲಕ ಶಿಸ್ತಿನಿಂದ ಕಲಿಯಲಿ. ಅದಕ್ಕೆ ನಮ್ಮ ಆಶೀರ್ವಾದವಿದೆ. ಶಾಲೆಯ ಮಕ್ಕಳು ನಡೆಯುವ ರಸ್ತೆ ಅದಕ್ಕೆ ಜಾಗವಲ್ಲ.

ನಮ್ಮ ಸೂಚನೆ

ಇನ್ನು ಮಾಡಬೇಕಾದುದೇನು? ಬರಿಯ ಉಪದೇಶದಿಂದ ಏನೂ ಆಗದು. ಮುಂಗಾರಿಗೆ ಮುಂಚೆ ನಾವೆಲ್ಲ ಬೋರ್ಡೋ ಸಿಂಪಡಣೆಯ ಪಂಪುಗಳನ್ನು ಸಜ್ಜುಗೊಳಿಸುತ್ತೇವೆ. ಅದೇ ಹೊತ್ತಿಗೆ ಒಂದು ಭಾನುವಾರ ಸಂಘದ ಅಂಗಳದಲ್ಲಿ ಸದಸ್ಯರ ಸಣ್ಣ ಕಾರುಗಳ ತಪಾಸಣೆ ಇಟ್ಟುಕೊಳ್ಳೋಣವೆಂದು ಆಡಳಿತ ಮಂಡಳಿಯ ಮುಂದೆ ಸಲಹೆ ಇಡುತ್ತಿದ್ದೇವೆ. ಬ್ರೇಕಿನ ಎಣ್ಣೆ, ಟಯರಿನ ಹಲ್ಲು, ದೀಪದ ದಿಕ್ಕು, ಪೆಟ್ರೋಲಿನ ಹೋಸು, ವೈಪರು ಈ ಐದನ್ನು ನೋಡಿದರೆ ಸಾಕು. ನೋಡುವ ಕೆಲಸವನ್ನು ಸ್ಪಾನರು ಹಿಡಿಯಬಲ್ಲ ನಮ್ಮ ಹುಡುಗರಿಗೇ ವಹಿಸೋಣ. ಒಬ್ಬ ಅನುಭವಸ್ಥ ಮೆಕ್ಯಾನಿಕ್ಕು ಜೊತೆಗಿರಲಿ. ತಮ್ಮ ವಿದ್ಯೆಗೆ ಊರಿನಲ್ಲಿ ಗೌರವವಿದೆಯೆಂದು ಹುಡುಗರಿಗೆ ತಿಳಿದರೆ, ಆ ವಿದ್ಯೆಯನ್ನು ಸೈಲೆನ್ಸರಿನ ಸದ್ದಿನಿಂದ ಸಾರುವ ಅಗತ್ಯ ಅವರಿಗೆ ಬೀಳದು.

ತಂದೆತಾಯಿಗಳಲ್ಲಿ ಒಂದು ಮಾತು. ಮಗ ಗಾಡಿಗೆ ಹಣ ಕೇಳಿದಾಗ ಬೈದು ಕಳಿಸಬೇಡಿ. ಮೊದಲ ವರ್ಷದ ಹಣ ಬ್ರೇಕು, ಟಯರು, ಶಾಕ್ ಅಬ್ಸಾರ್ಬರಿಗೆ; ಅದರ ರಸೀತಿ ತಂದು ತೋರಿಸಿದರೆ ಎರಡನೇ ವರ್ಷ ಬಣ್ಣಕ್ಕೂ ಸಂಗೀತಕ್ಕೂ ಎಂದು ಹೇಳಿ ಕೊಡಿ. ಜೊತೆಗೊಂದು ನೋಟು ಪುಸ್ತಕವನ್ನೂ ಕೊಡಿ. ಗಾಡಿಯ ಲೆಕ್ಕ ಬರೆಯಲು ಕಲಿತ ಹುಡುಗ ತೋಟದ ಲೆಕ್ಕವನ್ನೂ ಬರೆಯುತ್ತಾನೆ. ಅದರ ಕೊರತೆ ನಮ್ಮಲ್ಲಿ ಎಷ್ಟಿದೆ ಎಂಬುದು ಸಂಘದ ಸಾಲದ ಪುಸ್ತಕ ನೋಡುವ ನಮಗೆ ಚೆನ್ನಾಗಿ ಗೊತ್ತು.

ತಪಾಸಣೆಗೆ ಗಾಡಿ ತರಲು ಇಚ್ಛಿಸುವವರೂ, ಸ್ಪಾನರು ಹಿಡಿದು ಬರಲು ಸಿದ್ಧರಿರುವ ಯುವಕರೂ ಸಂಘದ ಕಚೇರಿಯಲ್ಲಿ ಹೆಸರು ಬರೆಸಬೇಕೆಂದು ಕೋರುತ್ತೇವೆ.

— ಕಾರ್ಯದರ್ಶಿ